ರೇಟ್ ಹಾಕೋ ಸ್ಕ್ರೀನ್‌ನಲ್ಲೇ ಗ್ರಾಫ್ ಬರಲಿ

ಬಸ್‌ನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೆ ಆಡಿಯೋ ಇದೆ, ಓದೋರಿಗೆ ಈ ಬರಹ. ಇವತ್ತಿನ ಮಾತು ಸ್ವಲ್ಪ ಕಂಪ್ಯೂಟರ್‌ದು, ಸ್ವಲ್ಪ ಗಂಜ್‌ದು. ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ನ ವಿಂಡೋ ಒಳಗೇ ಗ್ರಾಫ್ ಕೂರಿಸೋದು ಹೇಗೆ, ಯಾಕೆ ಕೂರಿಸಬೇಕು, ಕೂರಿಸಿದ ಮೇಲೆ ಆ ಗ್ರಾಫ್ ಸುಳ್ಳು ಹೇಳದಂಗೆ ನೋಡ್ಕೊಳ್ಳೋದು ಹೇಗೆ ಅಂತ. ಕೋಡ್ ಓದಿ ಹೇಳಲ್ಲ, ಹೆದರಬ್ಯಾಡ್ರಿ. ಬಿಕಾಂ ಮಾಡಿದೋರಿಗೂ ತಿಳಿಯೋ ಹಂಗೆ ಹೇಳ್ತೀನಿ, ಯಾಕಂದ್ರೆ ನಾನೂ ಬಿಕಾಂನೇ.

ಮೊದಲು ಒಂದು ಪ್ರಶ್ನೆ. ಎಲ್ಲರ ಕೈಯಾಗೂ ಮೊಬೈಲ್ ಇರೋ ಕಾಲದಲ್ಲಿ ಡೆಸ್ಕ್‌ಟಾಪ್ ಮಾತು ಯಾಕೆ? ನಾವು ಮನರಂಜನೆಗೆ ಮೊಬೈಲ್ ನೋಡ್ತೀವಿ, ಆದರೆ ಲೆಕ್ಕ ಇನ್ನೂ ಡೆಸ್ಕ್‌ಟಾಪ್‌ನಲ್ಲೇ ನಡೀತದೆ. ಯಾದಗಿರಿ ಗಂಜ್‌ನ ಅಡತ ಅಂಗಡಿ ಇರಲಿ, ಶಹಾಪುರದ ಹತ್ತಿ ಮಿಲ್ಲಿನ ಕಚೇರಿ ಇರಲಿ, ಸುರಪುರದ ಗೊಬ್ಬರದ ಅಂಗಡಿ ಇರಲಿ, ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್, ಅದರ ಮುಂದೆ ನಮ್ಮ ವಯಸ್ಸಿನ ಒಬ್ಬ ಹುಡುಗ ಅಥವಾ ಹುಡುಗಿ. ಟ್ಯಾಲಿ ಕಲಿತು ಕೆಲಸಕ್ಕೆ ಸೇರಿದೋರು ನಾವು. ದಿನಾ ನಾವು ಒತ್ತೋ ಅಂಕಿಗಳು ಎಲ್ಲಿ ಹೋಗ್ತವೆ? ಒಂದರ ಕೆಳಗೊಂದು ಸಾಲಾಗಿ ಕೂತ್ಕೊಂತವೆ. ಮತ್ತೆ ಯಾರೂ ಅವುಗಳ ಮುಖ ನೋಡೋದಿಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಹತ್ತಿ ಸೀಸನ್, ಒಬ್ಬ ರೈತ ಹತ್ತು ಕ್ವಿಂಟಲ್ ಹತ್ತಿ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದಾನೆ ಅಂದ್ಕೊಳ್ರಿ. ಅಂಗಡಿ ಮುಂದೆ ನಿಂತು ಕೇಳ್ತಾನೆ:

"ತಮ್ಮಾ, ರೇಟ್ ಏರಾಕತ್ತದೋ ಇಳ್ಯಾಕತ್ತದೋ? ಇವತ್ತ ಕೊಡ್ಲೋ, ನಾಲ್ಕು ದಿನ ತಡೀಲೋ?"

"ಕಾಕಾ, ನಿನ್ನಿಕಿಂತ ಸ್ವಲ್ಪ ಕಡಿಮಿ ಅದ ನೋಡ್ರಿ."

ಕಂಪ್ಯೂಟರ್ ಮುಂದೆ ಕೂತ ಹುಡುಗನಿಗೆ ಇದಕ್ಕಿಂತ ಹೆಚ್ಚು ಹೇಳೋಕೆ ಬರಲ್ಲ. ಅವನ ಹತ್ತಿರ ಎರಡು ತಿಂಗಳ ಅಂಕಿ ಇದೆ, ಆದರೆ ಸ್ಕ್ರೀನ್ ಮೇಲೆ ಕಾಣೋದು ಕೊನೆಯ ಹತ್ತು ಸಾಲು ಮಾತ್ರ. ಗ್ರಾಫ್ ಬೇಕು ಅಂದ್ರೆ ಡೇಟಾ ಎಕ್ಸ್‌ಪೋರ್ಟ್ ಮಾಡ್ಬೇಕು, ಎಕ್ಸೆಲ್ ತೆಗೀಬೇಕು, ಕಾಲಂ ಸೆಲೆಕ್ಟ್ ಮಾಡ್ಬೇಕು, ಚಾರ್ಟ್ ಹಾಕ್ಬೇಕು. ಹಿಂದೆ ಪಟ್ಟಿ ಬರೆಸೋಕೆ ಆರು ಜನ ನಿಂತಿರುವಾಗ ಯಾರು ಮಾಡ್ತಾರೆ? ಅದಕ್ಕೇ ನಾನು ಹೇಳೋದು: ಅಂಕಿ ಎಲ್ಲಿ ಹಾಕ್ತೀವೋ ಗ್ರಾಫ್ ಅಲ್ಲೇ ಇರಬೇಕು. ಎಂಟರ್ ಒತ್ತಿದ ಕೂಡಲೇ ಪಕ್ಕದಲ್ಲೇ ಗೆರೆ ಒಂದು ಹೆಜ್ಜೆ ಮುಂದೆ ಹೋಗ್ಬೇಕು. ಆಗ ಸ್ಕ್ರೀನ್ ಸ್ವಲ್ಪ ಈ ಕಡೆ ತಿರುಗಿಸಿ "ನೀವೇ ನೋಡ್ರಿ ಕಾಕಾ" ಅನ್ನಬಹುದು.

ಇದಕ್ಕೆ ಬೇಕಾಗಿರೋದು ಎಲ್ಲಾ ಬಿಟ್ಟಿ ಸಿಗುತ್ತದೆ. ಪೈಥಾನ್ ಅನ್ನೋ ಭಾಷೆ, ಅದರಲ್ಲಿ ವಿಂಡೋ ಮಾಡೋಕೆ ಟಿಕಿಂಟರ್, ಗ್ರಾಫ್ ಬರೆಯೋಕೆ ಮ್ಯಾಟ್‌ಪ್ಲಾಟ್‌ಲಿಬ್. ವಿಂಡೋಸ್‌ಗೆ ಪೈಥಾನ್ ಇನ್‌ಸ್ಟಾಲ್ ಮಾಡಿದ್ರೆ ಟಿಕಿಂಟರ್ ಜೊತೆಗೇ ಬರುತ್ತದೆ.

ಈ ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ ಕಥೆ ನಮಗೆ ಹತ್ತಿರದ್ದು. ಜಾನ್ ಹಂಟರ್ ಅಂತ ಅಮೆರಿಕದ ನರವಿಜ್ಞಾನಿ. ಫಿಟ್ಸ್ ಬರುವ ರೋಗಿಗಳ ಮೆದುಳಿನಿಂದ ಬರೋ ವಿದ್ಯುತ್ ಸಂಕೇತಗಳನ್ನ ಅವರ ತಂಡ ಅಭ್ಯಾಸ ಮಾಡ್ತಿತ್ತು. ಅದನ್ನ ನೋಡೋ ಸಾಫ್ಟ್‌ವೇರ್ ದುಡ್ಡು ಕೊಟ್ಟು ತಂದದ್ದು, ತಂಡಕ್ಕೆಲ್ಲ ಸೇರಿ ಒಂದೇ ಲೈಸೆನ್ಸ್. ಕಂಪ್ಯೂಟರ್‌ಗೆ ಚುಚ್ಚೋ ಒಂದು ಡಾಂಗಲ್ ಅನ್ನ ಒಬ್ಬರಾದ ಮೇಲೆ ಒಬ್ಬರು ಪಾಳಿ ಹಚ್ಚಿ ತಗೊಂಡು ಕೆಲಸ ಮಾಡ್ತಿದ್ರು. ಒಂದೇ ಟ್ಯಾಲಿ ಲೈಸೆನ್ಸ್‌ಗೆ ಮೂರು ಜನ ಕಾಯೋ ಕಚೇರಿ ನೋಡಿದವರಿಗೆ ಈ ಕಷ್ಟ ಅರ್ಥ ಆಗ್ತದೆ. ಹಂಟರ್ ತಾವೇ ಬರೆಯೋಕೆ ಕೂತರು. 2003ರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಹೊರಗೆ ಬಂತು. ಗ್ರಾಫ್ ಬೇರೆ ಸಾಫ್ಟ್‌ವೇರ್‌ನ ವಿಂಡೋ ಒಳಗೆ ಕೂರಬೇಕು ಅನ್ನೋದು ಶುರುವಿನಿಂದಲೇ ಅವರ ಬೇಡಿಕೆಯಾಗಿತ್ತು, ಯಾಕಂದ್ರೆ ಡಾಕ್ಟರು ನೋಡೋ ಸ್ಕ್ರೀನ್‌ನಲ್ಲೇ ಆ ಗೆರೆ ಬೇಕಿತ್ತು. 2012ರ ಆಗಸ್ಟ್ 28ರಂದು ಹಂಟರ್ ತೀರಿಕೊಂಡರು. ಅವರು ಬರೆದದ್ದು ಮಾತ್ರ ಇವತ್ತೂ ಎಲ್ಲರಿಗೂ ಬಿಟ್ಟಿ. ಅಂಗಡಿ ಕೆಲಸಕ್ಕೆ ಬಳಸಿದ್ರೂ ರೊಕ್ಕ ಕೇಳಲ್ಲ.

ಈಗ ಕೂರಿಸೋ ವಿಷಯ. ಮೂರು ವಸ್ತು ನೆನಪಿಟ್ಟುಕೊಳ್ರಿ: ಚಿತ್ರ, ಚೌಕಟ್ಟು, ಗೋಡೆ. ಚಿತ್ರ ಅಂದ್ರೆ ಗ್ರಾಫ್, ಇದಕ್ಕೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ 'ಫಿಗರ್' ಅಂತಾರೆ. ಗೋಡೆ ಅಂದ್ರೆ ನಿಮ್ಮ ಟಿಕಿಂಟರ್ ವಿಂಡೋ. ಚಿತ್ರವನ್ನ ನೇರವಾಗಿ ಗೋಡೆಗೆ ಅಂಟಿಸೋಕೆ ಬರಲ್ಲ, ನಡುವೆ ಚೌಕಟ್ಟು ಬೇಕು. ಆ ಚೌಕಟ್ಟಿನ ಹೆಸರು 'ಫಿಗರ್‌ಕ್ಯಾನ್ವಾಸ್‌ಟಿಕೆಆಗ್'. ಉದ್ದ ಹೆಸರು, ಕೆಲಸ ಸಣ್ಣದು. ಫಿಗರ್ ಅನ್ನ ಅದರೊಳಗೆ ಇಡ್ರಿ, ಅದು ಒಂದು ವಿಜೆಟ್ ಕೊಡ್ತದೆ. ಬಟನ್, ಟೆಕ್ಸ್ಟ್ ಬಾಕ್ಸ್ ಇಟ್ಟಂಗೇ ಅದನ್ನೂ ವಿಂಡೋದಲ್ಲಿ ಇಡ್ರಿ. ಆಯ್ತು, ಗ್ರಾಫ್ ಒಳಗೆ ಬಂತು. ಎಡಕ್ಕೆ ತಾರೀಖು, ತೂಕ, ರೇಟ್ ಹಾಕೋ ಡಬ್ಬಿಗಳು, ಬಲಕ್ಕೆ ಗೆರೆ.

ಇಲ್ಲಿ ಹೊಸಬರು ದಾರಿ ತಪ್ಪೋ ಜಾಗ ಒಂದಿದೆ. ಯೂಟ್ಯೂಬ್‌ನಲ್ಲಿ ಎಲ್ಲಾ ಪಾಠನೂ 'ಪೈಪ್ಲಾಟ್'ನಿಂದ ಶುರುವಾಗ್ತದೆ, ಕೊನೆಗೆ 'ಶೋ' ಅಂತ ಹೇಳಿದ್ರೆ ಗ್ರಾಫ್ ಬೇರೆ ವಿಂಡೋದಲ್ಲಿ ತೆರಕೊಳ್ತದೆ. ಕಲಿಯೋಕೆ ಅದು ಛಲೋ. ಆದರೆ ನಿಮ್ಮದೇ ವಿಂಡೋ ಇರುವಾಗ ಪೈಪ್ಲಾಟ್ ಬ್ಯಾಡ. ಅದು ತಾನು ಮಾಡಿದ ಪ್ರತಿ ಫಿಗರ್ ಅನ್ನೂ ನೀವು ಮುಚ್ಚೋ ತನಕ ನೆನಪಲ್ಲಿ ಹಿಡ್ಕೊಂಡೇ ಇರ್ತದೆ. ಇಪ್ಪತ್ತು ದಾಟಿದ್ರೆ ತಾನೇ ಎಚ್ಚರಿಕೆ ಕೊಡ್ತದೆ. ದಿನಕ್ಕೆ ನೂರು ಪಟ್ಟಿ ಹಾಕೋ ಅಂಗಡಿಯ ಹಳೇ ಕಂಪ್ಯೂಟರ್ ಮಧ್ಯಾಹ್ನದೊಳಗೆ ಕೈ ಎತ್ತುತ್ತದೆ. ಫಿಗರ್ ಅನ್ನ ನೇರವಾಗಿ ಮಾಡ್ರಿ, ಚೌಕಟ್ಟಿಗೆ ಕೊಡ್ರಿ, ಪೈಪ್ಲಾಟ್ ಅನ್ನ ನಡುವೆ ತರಬ್ಯಾಡ್ರಿ.

ಇನ್ನೊಂದು, ಪ್ರತಿ ಸಲ ಹೊಸ ಚಿತ್ರ ಬರೀಬ್ಯಾಡ್ರಿ. ಗೋಡೆ ಮೇಲಿನ ಫೋಟೋ ಬದಲಿಸಬೇಕು ಅಂದ್ರೆ ಹೊಸ ಮೊಳೆ ಹೊಡೆದು ಹೊಸ ಚೌಕಟ್ಟು ತೂಗು ಹಾಕ್ತೀವಾ? ಇರೋ ಗೆರೆಗೇ 'ಸೆಟ್ ಡೇಟಾ' ಅಂತ ಹೊಸ ಅಂಕಿ ಕೊಡ್ರಿ, ಆಮೇಲೆ ಚೌಕಟ್ಟಿಗೆ 'ಡ್ರಾ ಐಡಲ್' ಅನ್ರಿ. ಅಂದ್ರೆ "ಪುರಸೊತ್ತಾದ ಕೂಡಲೇ ಬರಿ" ಅಂತ. ಹಂಗೇ, ಹತ್ತು ನಿಮಿಷಕ್ಕೊಮ್ಮೆ ತಾನಾಗೇ ಹೊಸ ಅಂಕಿ ಬರಲಿ ಅಂತಿದ್ರೆ 'ಸ್ಲೀಪ್' ಹಾಕಬ್ಯಾಡ್ರಿ. ಸ್ಲೀಪ್ ಅಂದ್ರೆ ಇಡೀ ವಿಂಡೋನೇ ಮಲಗಿಬಿಡ್ತದೆ, ಬಟನ್ ಒತ್ತಿದ್ರೂ ಏಳಲ್ಲ. ಟಿಕಿಂಟರ್‌ನಲ್ಲಿ 'ಆಫ್ಟರ್' ಅಂತ ಇದೆ. "ಇಷ್ಟು ಹೊತ್ತಾದ ಮೇಲೆ ಈ ಕೆಲಸ ಮಾಡು" ಅಂತ ಹೇಳಿ ಇಟ್ಟರೆ ಆಯ್ತು, ಅಲ್ಲಿ ತನಕ ವಿಂಡೋ ತನ್ನ ಕೆಲಸ ನೋಡ್ಕೊಂತದೆ.

ಇಲ್ಲಿ ತನಕ ಹೇಳಿದ್ದು ಸುಲಭದ್ದು. ಗ್ರಾಫ್ ಕಾಣ್ತದೆ. ಆದರೆ ಕಾಣೋದೆಲ್ಲಾ ಖರೇನಾ? ಇವತ್ತಿನ ಎಪಿಸೋಡ್‌ನ ಮುಖ್ಯ ಮಾತು ಇಲ್ಲಿದೆ.

ಏಳು ದಿನದ ರೇಟ್ ಹೀಗಿದೆ ಅಂದ್ಕೊಳ್ರಿ. ನಿಜವಾದ ರೇಟ್ ಅಲ್ಲ, ಲೆಕ್ಕಕ್ಕೆ ಹೇಳ್ತಿರೋದು: 7,420, 7,410, 7,400, 7,390, 7,380, 7,375, 7,370. ಏಳು ದಿನದಲ್ಲಿ ಇಳಿದದ್ದು 50 ರೂಪಾಯಿ. ಶೇಕಡಾ ಒಂದೂ ಇಲ್ಲ. ಆದರೆ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಬಿಟ್ಟರೆ ಅದು ತಾನಾಗೇ ಅಳತೆ ಹಾಕ್ಕೊಂತದೆ: ಕೆಳಗೆ 7,370, ಮೇಲೆ 7,420, ನಡುವೆ ಇಡೀ ಸ್ಕ್ರೀನ್. ಗೆರೆ ಮಾಳಿಗೆಯಿಂದ ಬಾವಿಗೆ ಬಿದ್ದಂಗೆ ಕಾಣ್ತದೆ. ಅದನ್ನ ನೋಡಿದ ರೈತ "ಅಯ್ಯಪ್ಪಾ, ರೇಟ್ ಮುಳುಗಾಕತ್ತದ" ಅಂತ ಗಾಬರಿಯಾಗಿ ಅಲ್ಲೇ ಮಾರಿಬಿಡ್ತಾನೆ. 10 ಕ್ವಿಂಟಲ್‌ಗೆ ಅವನಿಗೆ ಆದ ವ್ಯತ್ಯಾಸ 500 ರೂಪಾಯಿ. ವಾಪಸ್ ಹೋಗೋ ಗಾಡಿ ಬಾಡಿಗೆ ಅದಕ್ಕಿಂತ ಹೆಚ್ಚೋ ಕಡಿಮೆಯೋ ಅಂತ ಅವನು ಸಮಾಧಾನವಾಗಿ ಲೆಕ್ಕ ಹಾಕಬೇಕಿತ್ತು. ಗ್ರಾಫ್ ಅವನಿಗೆ ಆ ಪುರಸೊತ್ತೇ ಕೊಡಲಿಲ್ಲ. ಅಂಕಿ ಒಂದೂ ಸುಳ್ಳಿಲ್ಲ, ಆದರೂ ಗೆರೆ ಸುಳ್ಳು ಹೇಳ್ತು.

ಹಂಗಾದ್ರೆ ಸೊನ್ನೆಯಿಂದ ಶುರು ಮಾಡೋಣ? ಕಂಬದ ಗ್ರಾಫ್ ಆದರೆ ಹೌದು, ಸೊನ್ನೆಯಿಂದಲೇ ಶುರುವಾಗ್ಬೇಕು, ಕಂಬದ ಎತ್ತರವೇ ಅಲ್ಲಿ ಅಳತೆ. ಗೆರೆಯ ಗ್ರಾಫ್‌ನಲ್ಲಿ ಸೊನ್ನೆಯಿಂದ ಶುರು ಮಾಡಿದ್ರೆ ಎಲ್ಲಾ ಚಪ್ಪಟೆ, ಏನೂ ತಿಳಿಯಲ್ಲ. ನಡುವಿನ ದಾರಿ ಏನಂದ್ರೆ, ಇಡೀ ಹಂಗಾಮಿಗೆ ಒಂದೇ ಅಳತೆ ಕಟ್ಟಿಬಿಡೋದು. ಉದಾಹರಣೆಗೆ ಆರು ಸಾವಿರದಿಂದ ಒಂಬತ್ತು ಸಾವಿರ. ಅದಕ್ಕೆ 'ಸೆಟ್ ವೈಲಿಮ್' ಅಂತ ಒಂದೇ ಸಾಲು ಸಾಕು. ಆಗ ನಿನ್ನೆಯ ಇಳಿಜಾರಿಗೂ ಇವತ್ತಿನ ಇಳಿಜಾರಿಗೂ ಹೋಲಿಸಿ ನೋಡಬಹುದು. ರೇಟ್ ಆ ಅಳತೆ ದಾಟಿದ ದಿನ ಅಳತೆ ಬದಲಾಗಿದೆ ಅಂತ ಸ್ಕ್ರೀನ್ ಮೇಲೇ ಬರೀಬೇಕು.

ಆದರೆ ಇದೇ ನಿಯಮ ಎಲ್ಲಾ ಕಡೆ ನಡೆಯಲ್ಲ. ನಮ್ಮ ನಾರಾಯಣಪುರದ ಬಸವಸಾಗರ ಡ್ಯಾಮ್ ತಗೊಳ್ರಿ. ಅದು ತುಂಬಿದಾಗ ನೀರಿನ ಮಟ್ಟ 492.25 ಮೀಟರ್, ಸಮುದ್ರ ಮಟ್ಟದಿಂದ ಲೆಕ್ಕ. ಅಲ್ಲಿ ಸೊನ್ನೆಯಿಂದ ಗ್ರಾಫ್ ಹಾಕಿದ್ರೆ ಅರ್ಥ ಇಲ್ಲ. ಅಲ್ಲಿ ಅರ್ಧ ಮೀಟರ್ ಏರಿದ್ರೂ ದೊಡ್ಡ ಸುದ್ದಿ. ಮೇಲೆ ಆಲಮಟ್ಟಿಯಿಂದ ನೀರು ಬಿಟ್ಟು, ಇಲ್ಲಿ ಗೇಟ್ ತೆರೆದ್ರೆ ಕೆಳಗಿನ ಊರುಗಳ ಜನರಿಗೆ ತೊಂದರೆ ಆಗ್ತದೆ. ಹಂಗಾಗಿ ಡ್ಯಾಮ್‌ನ ಗೆರೆಯನ್ನ ಹತ್ತಿರದಿಂದಲೇ ತೋರಿಸಬೇಕು, ರೇಟ್‌ನ ಗೆರೆಯನ್ನ ಸ್ವಲ್ಪ ದೂರ ನಿಂತು ತೋರಿಸಬೇಕು. ಎಷ್ಟು ಬದಲಾದ್ರೆ ಮನುಷ್ಯನಿಗೆ ಫರಕ್ ಬೀಳ್ತದೆ ಅನ್ನೋದನ್ನ ಸಾಫ್ಟ್‌ವೇರ್ ತಿಳ್ಕೊಳ್ಳಲ್ಲ. ಅದನ್ನ ನೀವು ಹೇಳ್ಬೇಕು.

ಎರಡನೇ ಸುಳ್ಳು ರಜಾ ದಿನದ್ದು. ಗಂಜ್ ಬಂದ್ ಇದ್ದ ದಿನ ರೇಟ್ ಇರಲ್ಲ. ಕೆಲವರು ಅಲ್ಲಿ ಸೊನ್ನೆ ಹಾಕಿಬಿಡ್ತಾರೆ. ಗೆರೆ ಪಾತಾಳಕ್ಕೆ ಹೋಗಿ ವಾಪಸ್ ಬರ್ತದೆ. ಆ ಜಾಗದಲ್ಲಿ 'ನ್ಯಾನ್' ಅಂತ ಕೊಟ್ಟರೆ, ಅಂದ್ರೆ "ಇಲ್ಲಿ ಅಂಕಿ ಇಲ್ಲ" ಅಂತ ಹೇಳಿದ್ರೆ, ಗೆರೆ ಅಲ್ಲಿ ಕಡಿದು ಮುಂದೆ ಶುರುವಾಗ್ತದೆ. ಇದು ಪ್ರಾಮಾಣಿಕ. ಇನ್ನು ತಾರೀಖನ್ನ ಬರೀ ಅಕ್ಷರವಾಗಿ ಕೊಟ್ಟರೆ ಮತ್ತೊಂದು ಎಡವಟ್ಟು. ಮ್ಯಾಟ್‌ಪ್ಲಾಟ್‌ಲಿಬ್ ಅದನ್ನ ತಾರೀಖು ಅಂತ ತಿಳಿಯಲ್ಲ, ಒಂದೊಂದು ಹೆಸರು ಅಂತ ತಿಳಿದು ಸಮಾನ ದೂರದಲ್ಲಿ ಕೂರಿಸ್ತದೆ. ದೀಪಾವಳಿಗೆ ಐದು ದಿನ ವ್ಯಾಪಾರ ನಿಂತಿದ್ದೇ ಗೊತ್ತಾಗಲ್ಲ, ಐದು ದಿನದ ಏರಿಕೆ ಒಂದೇ ದಿನದಲ್ಲಿ ಆದಂಗೆ ಕಾಣ್ತದೆ. ಅಕ್ಷರವನ್ನ ಪೈಥಾನ್‌ನ 'ಡೇಟ್‌ಟೈಮ್'ಗೆ ಬದಲಿಸಿ ಆಮೇಲೆ ಕೊಡ್ರಿ.

ಮೂರನೇದು, ಒಂದೇ ಗೆರೆ ಸಾಲಲ್ಲ. ಹತ್ತಿ ಎಲ್ಲಾ ಒಂದೇ ಅಲ್ಲ. ಸರ್ಕಾರದ ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್ ತಾಣಗಳಲ್ಲೂ ಮೂರು ಅಂಕಿ ಕೊಡ್ತಾರೆ: ಕನಿಷ್ಠ, ಗರಿಷ್ಠ, ಮತ್ತೆ ಹೆಚ್ಚು ಮಾಲು ಹೋದ ರೇಟ್, ಅದಕ್ಕೆ 'ಮೋಡಲ್' ಅಂತಾರೆ. ಕನಿಷ್ಠದಿಂದ ಗರಿಷ್ಠದ ತನಕ ತಿಳಿ ಬಣ್ಣದ ಪಟ್ಟಿ, ನಡುವೆ ಮೋಡಲ್ ರೇಟ್‌ನ ದಪ್ಪ ಗೆರೆ ಹಾಕಿದ್ರೆ ಚಿತ್ರ ಪೂರ್ತಿ. ಬರೀ ಗರಿಷ್ಠ ತೋರಿಸಿದ್ರೆ ರೈತನಿಗೆ ಆಸೆ ಹುಟ್ಟಿಸಿದಂಗೆ, ಬರೀ ಕನಿಷ್ಠ ತೋರಿಸಿದ್ರೆ ಹೆದರಿಸಿದಂಗೆ. ಅಂಗಡಿಯ ಸ್ವಂತ ಖರೀದಿಯ ಅಂಕಿ ಮಾತ್ರ ಇದ್ದರೆ, ಗ್ರಾಫ್ ಮೇಲೆ "ಈ ಅಂಗಡಿಯ ರೇಟ್ ಮಾತ್ರ" ಅಂತ ದಪ್ಪ ಅಕ್ಷರದಲ್ಲಿ ಬರೀರಿ.

ಅದರ ಮೇಲೊಂದು ಅಡ್ಡ ಗೆರೆ ಎಳೀರಿ, ಬೆಂಬಲ ಬೆಲೆಯದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ್ದು ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಯದ್ದಕ್ಕೆ 8,110. ತೊಗರಿಗೆ 8,000. ಅದರ ಹಿಂದಿನ ಹಂಗಾಮಿನಲ್ಲಿ ಹತ್ತಿಗೆ 7,121 ಮತ್ತು 7,521, ತೊಗರಿಗೆ 7,550 ಇತ್ತು. ಈ ಒಂದು ಅಡ್ಡ ಗೆರೆ ಇದ್ದರೆ ಮಾತುಕತೆಯೇ ಬದಲಾಗ್ತದೆ. ರೇಟ್ ಏರಿತೋ ಇಳೀತೋ ಅನ್ನೋ ಪ್ರಶ್ನೆ ಹೋಗಿ, ಬೆಂಬಲ ಬೆಲೆಗಿಂತ ಮೇಲಿದೆಯೋ ಕೆಳಗಿದೆಯೋ ಅನ್ನೋ ಪ್ರಶ್ನೆ ಬರ್ತದೆ. ಕೆಳಗಿದ್ದರೆ ಖರೀದಿ ಕೇಂದ್ರದ ಕಡೆ ಹೋಗಬೇಕಾ ಅಂತ ರೈತ ಯೋಚಿಸ್ತಾನೆ. ಆದರೆ ಈ ಅಂಕಿಯನ್ನ ಕೋಡ್ ಒಳಗೆ ಹೂತಿಡಬ್ಯಾಡ್ರಿ. ವರ್ಷಕ್ಕೊಮ್ಮೆ ಬದಲಾಗೋದು ಅದು. ಸೆಟ್ಟಿಂಗ್ಸ್‌ನಲ್ಲಿ ಒಂದು ಡಬ್ಬಿ ಇಡ್ರಿ, ಪಕ್ಕದಲ್ಲಿ ಯಾವ ಹಂಗಾಮು ಅಂತ ಬರೀರಿ. ಹೋದ ವರ್ಷದ ಗೆರೆ ಈ ವರ್ಷವೂ ಉಳಿದ್ರೆ, ಆ ಗ್ರಾಫ್ ಇಲ್ಲದಿದ್ದರೇ ಛಲೋ ಇತ್ತು.

ಈಗ ಕನ್ನಡದ ಮಾತು. ನೀವು ಗ್ರಾಫ್‌ಗೆ 'ಹತ್ತಿ ರೇಟ್' ಅಂತ ಹೆಸರು ಕೊಟ್ಟು ನೋಡ್ರಿ. ಮೊದಲು ಬರೀ ಖಾಲಿ ಚೌಕಗಳು ಕಾಣ್ತವೆ, ಯಾಕಂದ್ರೆ ಮ್ಯಾಟ್‌ಪ್ಲಾಟ್‌ಲಿಬ್ ತನ್ನ ಜೊತೆ ತರೋ ಫಾಂಟ್‌ನಲ್ಲಿ ಕನ್ನಡ ಇಲ್ಲ. ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಫಾಂಟ್ ಕೊಟ್ಟರೆ ಅಕ್ಷರ ಬರ್ತವೆ, ಆದರೆ ಒತ್ತಕ್ಷರ ಒಡೀತದೆ. ತ-ಕ್ಕೆ ತ-ವತ್ತು ಕೆಳಗೆ ಬರೋ ಬದಲು, ತ-ಕಾರ, ಅದಕ್ಕೊಂದು ಅರ್ಧ ಚಿಹ್ನೆ, ಮತ್ತೆ ತ-ಕಾರ, ಆಮೇಲೆ ಗುಣಿಸು, ಹಿಂಗೆ ಸಾಲಾಗಿ ನಿಲ್ತವೆ. ಕಾರಣ ಇಷ್ಟೇ: ಅಂಗಡಿಯ ಹಳೇ ಕಂಪ್ಯೂಟರ್‌ಗಳಲ್ಲಿ ಓಡೋ ಆವೃತ್ತಿಗಳು ಒಂದೊಂದೇ ಅಕ್ಷರ ಎತ್ತಿ ಇಡ್ತವೆ, ಅವನ್ನ ಕೂಡಿಸೋದಿಲ್ಲ. ಇಂಗ್ಲಿಷ್‌ಗೆ ಅಷ್ಟು ಸಾಕು, ನಮಗೆ ಸಾಲಲ್ಲ.

ಇದಕ್ಕೆ ಎರಡು ದಾರಿ. ಒಂದು, ಗ್ರಾಫ್ ಒಳಗೆ ಅಂಕಿ ಮಾತ್ರ ಇಟ್ಟು, ಕನ್ನಡದ ಹೆಸರುಗಳನ್ನೆಲ್ಲ ಸುತ್ತಲಿನ ಟಿಕಿಂಟರ್ ಲೇಬಲ್‌ಗಳಲ್ಲಿ ಬರೆಯೋದು. ವಿಂಡೋಸ್‌ನಲ್ಲಿ ಅಲ್ಲಿ ಕನ್ನಡ ಸಾಮಾನ್ಯವಾಗಿ ಸರಿಯಾಗೇ ಬರ್ತದೆ. ಎರಡು, ಟಿಕಿಂಟರ್ ಬಿಟ್ಟು 'ಕ್ಯೂಟಿ' ಅನ್ನೋ ವ್ಯವಸ್ಥೆಗೆ ಹೋಗಿ, ಅದರ ಮೇಲೆ ನಡೆಯೋ 'ಪೈಕ್ಯೂಟಿಗ್ರಾಫ್' ಬಳಸೋದು. ಅಲ್ಲಿ ಅಕ್ಷರ ಬರೆಯೋ ಕೆಲಸ ಕ್ಯೂಟಿಯದು, ಒತ್ತಕ್ಷರ ಅದಕ್ಕೆ ಗೊತ್ತು. ಲಿನಕ್ಸ್ ಇದ್ದವರಿಗೆ ಈ ಎರಡನೇ ದಾರಿಯೇ ಛಲೋ. ಇಷ್ಟು ತಲೆಬ್ಯಾನಿ ಯಾಕೆ, ಇಂಗ್ಲಿಷ್‌ನಲ್ಲೇ 'ಕಾಟನ್ ಪ್ರೈಸ್' ಅಂತ ಬರೆದ್ರೆ ಆಗಲ್ವಾ ಅನ್ನಬಹುದು. ಆಗ್ತದೆ. ಆದರೆ ಆಗ ಆ ಗ್ರಾಫ್ ಅಂಗಡಿ ಒಳಗಿನವರಿಗೆ ಮಾತ್ರ. ಹೊರಗೆ ಗಾಡಿ ಹತ್ತಿರ ನಿಂತವರಿಗೂ ಅದು ಓದೋಕೆ ಬರಬೇಕು ಅಂದ್ರೆ ಕನ್ನಡ ಬೇಕು, ಒಡೆಯದ ಕನ್ನಡ ಬೇಕು.

ಕೊನೆಗೆ ಕೆಲವು ಚಿಲ್ಲರೆ ವಿಷಯ. ಅಂಗಡಿಯಲ್ಲಿ ಇನ್ನೂ ವಿಂಡೋಸ್ 7 ಇದ್ದರೆ ಪೈಥಾನ್ 3.8 ತನಕ ಮಾತ್ರ ನಡೀತದೆ, ಹೊಸದು ಹಾಕೋಕೆ ಹೋಗಬ್ಯಾಡ್ರಿ. ನೀವು ಮಾಡಿದ್ದನ್ನ ಬೇರೆ ಕಂಪ್ಯೂಟರ್‌ಗೆ ಕೊಡೋಕೆ 'ಪೈಇನ್‌ಸ್ಟಾಲರ್' ಅಂತ ಇದೆ, ಎಲ್ಲಾ ಸೇರಿಸಿ ಒಂದು ಇಎಕ್ಸ್‌ಇ ಫೈಲ್ ಮಾಡಿಕೊಡ್ತದೆ. ಹತ್ತಾರು ಎಂಬಿ ಆಗ್ತದೆ, ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ನೆಟ್ ಬೇಕಾಗಿಲ್ಲ. ಕರೆಂಟ್ ಹೋದ್ರೆ ಅಂಕಿ ಉಳಿಯೋ ಹಂಗೆ ಎಂಟರ್ ಒತ್ತಿದಾಗಲೇ ಫೈಲ್‌ಗೆ ಬರೆಸ್ರಿ, ಗ್ರಾಫ್ ಆಮೇಲೆ.

ಕಂಪ್ಯೂಟರ್ ಇಲ್ಲದವರು ಗ್ರಾಫ್ ಬರೆಯೋದನ್ನ ಮೊಬೈಲ್ ಬ್ರೌಸರ್‌ನಲ್ಲೇ ಗೂಗಲ್ ಕೊಲ್ಯಾಬ್ ತೆಗೆದು ಕಲೀಬಹುದು. ವಿಂಡೋ ಮಾಡೋದು ಮಾತ್ರ ಡೆಸ್ಕ್‌ಟಾಪ್‌ನಲ್ಲೇ. ಮೊದಲು ಮೂವತ್ತು ದಿನದ ರೇಟ್ ಒಂದು ಹಾಳೆಯಲ್ಲಿ ಬರೀರಿ, ರಜಾ ದಿನ ಖಾಲಿ ಬಿಡ್ರಿ, ಅದಕ್ಕೊಂದು ಗೆರೆ ಎಳೀರಿ. ಆಮೇಲೆ ಆ ಗೆರೆ ನೋಡಿ ಯಾರು ಏನು ನಿರ್ಧಾರ ಮಾಡ್ತಾರೆ ಅಂತ ಕೇಳ್ಕೊಳ್ರಿ. ಆ ಉತ್ತರ ಸಿಕ್ಕಿದ ಮೇಲೆ ಕೋಡ್ ಬರೆಯೋಕೆ ಕೂಡ್ರಿ. ಮುಂದಿನ ವಾರ ಸಿಗೋಣ, ನಿಮ್ಮೂರಿನ ಗಂಜ್‌ನಲ್ಲಿ ಯಾವ ಅಂಕಿಗೆ ಗ್ರಾಫ್ ಬೇಕು ಅಂತ ಬರೆದು ಕಳಿಸ್ರಿ. ಬರ್ಲಾ?